ಕೇಳಿಸಿಕೊಂಡವರಿಗೆಲ್ಲ ಥ್ಯಾಂಕ್ಸ್

ಕಳೆದ ವಾರ ನನ್ನ ಟಿಬಿ ಮಾತ್ರೆಗಳ ಕೋರ್ಸ್ ಮುಗಿಯಿತು. ಕಫದ ರಿಪೋರ್ಟ್ ನೆಗೆಟಿವ್ ಬಂದಿದೆ. ಹೌದು, ನನಗೆ ಆಗಿದ್ದು ಟಿಬಿ. ನಿಮ್ಮಲ್ಲಿ ಬಹಳ ಜನಕ್ಕೆ ಧೂಳಿನ ಅಲರ್ಜಿ ಅಂತ ಹೇಳಿದ್ದೆ. ಬಾಡಿಗೆ ಮನೆ, ತಂಗಿಗೆ ಗಂಡು ನೋಡುತ್ತಿದ್ದ ಸಮಯ. ಬಾಯಿ ಬಿಡೋದು ಹೇಗೆ ಹೇಳಿ?

ಮೊದಲ ಥ್ಯಾಂಕ್ಸ್ ನಮ್ಮ ಬೀದಿಯ ಆಶಾ ಅಕ್ಕನಿಗೆ. ಮಾತ್ರೆ ಶುರುವಾದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಗಾಬರಿಯಾಗಿ ಫೋನ್ ಮಾಡಿದೆ. "ಅದು ರಿಫಾಂಪಿಸಿನ್ ಅನ್ನೋ ಟಿಬಿ ಔಷಧಿಯ ಬಣ್ಣ ಕಣಪ್ಪಾ. ಮಾತ್ರೆ ನುಂಗಿದ್ದೀಯ ಅನ್ನೋದಕ್ಕೆ ನನಗೆ ಅದೇ ಸಾಕ್ಷಿ" ಅಂತ ನಕ್ಕರು. ದಾರಿಯಲ್ಲಿ ಸಿಕ್ಕರೆ ಕಾಯಿಲೆಯ ಹೆಸರೇ ಎತ್ತುತ್ತಿರಲಿಲ್ಲ. "ತಿಂಡಿ ಆಯ್ತಾ?" ಎಂದರೆ ಮಾತ್ರೆ ಆಯ್ತಾ ಅಂತ ಅರ್ಥ.

ಇನ್ನೊಬ್ಬರು ನಮ್ಮ ಆಫೀಸಿನ ಹಿರಿಯರು. ಅವರಿಗೆ ಏನೂ ಗೊತ್ತಿರಲಿಲ್ಲ. "ಸುಮ್ನೆ ಓದು" ಅಂತ ಒಂದು ಕಥೆಯ ಜೆರಾಕ್ಸ್ ಕೊಟ್ಟರು. ರಷ್ಯಾದ ಕಥೆಗಾರ ಆಂಟನ್ ಚೆಕಾವ್ 1886ರಲ್ಲಿ ಬರೆದದ್ದು, ಇಂಗ್ಲಿಷಿನಲ್ಲಿ 'ಮಿಸರಿ' ಅಂತ ಸಿಗುತ್ತದೆ. ಪೀಟರ್ಸ್‌ಬರ್ಗಿನ ಗಾಡಿ ಹೊಡೆಯುವ ಮುದುಕ ಇಯೋನ. ಮಗ ಸತ್ತು ವಾರ ಆಗುತ್ತಾ ಬಂದಿದೆ. ಗಾಡಿ ಹತ್ತಿದವರಿಗೆಲ್ಲ ಹೇಳಲು ನೋಡುತ್ತಾನೆ. ಒಬ್ಬ ಅಧಿಕಾರಿ ಏನಾಗಿತ್ತು ಅಂತ ಕೇಳಿ, ಅಷ್ಟಕ್ಕೇ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕುಡಿದ ಹುಡುಗರಲ್ಲೊಬ್ಬ, ಎಲ್ಲರೂ ಸಾಯೋರೇ, ನೀನು ಬೇಗ ಓಡಿಸು ಅನ್ನುತ್ತಾನೆ. ಕೊನೆಗೆ ಮುದುಕ ಲಾಯಕ್ಕೆ ಹೋಗಿ, ಹುಲ್ಲು ಮೇಯುತ್ತಿರುವ ತನ್ನ ಕುದುರೆಗೆ ಎಲ್ಲ ಹೇಳಿಕೊಳ್ಳುತ್ತಾನೆ. ಆ ಕೊನೆಯಲ್ಲಿ ಸಮಾಧಾನ ಇದೆ ಅಂತ ಕೆಲವರು ಹೇಳುತ್ತಾರೆ. ನನಗಂತೂ ಊರಿನ ಮೇಲೆ ಸಿಟ್ಟು ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಜಾಗ. ಇಯೋನನಿಗೆ ಯಾರಾದರೂ ಅಯ್ಯೋ ಪಾಪ ಅಂದರೆ ಅಷ್ಟೇ ಸಾಲದು. ಮಗನಿಗೆ ಹೇಗೆ ಕಾಯಿಲೆ ಬಂತು, ಸಾಯುವ ಮುಂಚೆ ಏನು ಹೇಳಿದ, ಆಸ್ಪತ್ರೆಯಿಂದ ಅವನ ಬಟ್ಟೆ ತರಲು ತಾನು ಹೋಗಿದ್ದು, ಎಲ್ಲವನ್ನೂ ಮೊದಲಿಂದ ಬಿಡಿಸಿ ಹೇಳಬೇಕು. ನನಗೂ ಅದೇ ಆಗಿತ್ತು. ಕರವಸ್ತ್ರದಲ್ಲಿ ಮೊದಲ ಸಲ ರಕ್ತ ಕಂಡಾಗ ಬಸ್ಸಿನಲ್ಲಿ ಪಕ್ಕ ಕೂತವರು ಯಾರು, ಅದನ್ನು ಮಡಚಿ ಯಾವ ಜೇಬಿಗೆ ಹಾಕಿಕೊಂಡೆ, ಇಂಥ ಕೆಲಸಕ್ಕೆ ಬಾರದ ವಿವರಗಳೇ ಗಂಟಲಲ್ಲಿ ಸಿಕ್ಕಿಕೊಂಡಿದ್ದವು.

ಆಮೇಲೆ ಚೆಕಾವ್ ಬಗ್ಗೆ ಓದಿದೆ. ಮನುಷ್ಯ ಸ್ವತಃ ಡಾಕ್ಟರ್. 1884ರಲ್ಲಿ ಓದು ಮುಗಿಸಿದ ವರ್ಷವೇ ರಕ್ತ ಕೆಮ್ಮಿದ್ದರು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಟಿಬಿಯ ರೋಗಾಣುವನ್ನು ಜಗತ್ತಿಗೆ ತೋರಿಸಿ ಆಗಲೇ ಎರಡು ವರ್ಷ ಆಗಿತ್ತು. ಆದರೂ ಇದು ಕ್ಷಯ ಅಲ್ಲ ಅಂತಲೇ ವಾದಿಸುತ್ತಿದ್ದರು. 1889ರಲ್ಲಿ ಅಣ್ಣ ನಿಕೊಲಾಯ್ ಅದೇ ಕಾಯಿಲೆಗೆ ಹೋದರು. ಆಗಲೂ ಬಿಡಲಿಲ್ಲ. 1897ರಲ್ಲಿ ಮಾಸ್ಕೋದ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಬಾಯಿಂದ ರಕ್ತ ಸುರಿದ ಮೇಲೆ ಆಸ್ಪತ್ರೆ ಸೇರಿದ್ದು. 1904ರಲ್ಲಿ, 44ನೇ ವಯಸ್ಸಿಗೆ ಹೋಗಿಬಿಟ್ಟರು. ಟಿಬಿಗೆ ಔಷಧಿ ಸಿಕ್ಕಿದ್ದು 1940ರ ದಶಕದಲ್ಲಿ. ಅವರು ಒಪ್ಪಿಕೊಂಡಿದ್ದರೂ ಆಗ ನುಂಗಲು ಮಾತ್ರೆ ಎಲ್ಲಿತ್ತು? ನನಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತು. ತಿಂಗಳಿಗೆ ಸಾವಿರ ರೂಪಾಯಿ ಪೌಷ್ಟಿಕ ಆಹಾರದ ದುಡ್ಡೂ ಖಾತೆಗೆ ಬಂತು. ಅಮ್ಮ ಅದನ್ನೆಲ್ಲ ಮೊಟ್ಟೆ ಮಾಡಿದಳು!

ಜೆರಾಕ್ಸ್ ವಾಪಸ್ ಕೊಡುವಾಗ ಆ ಹಿರಿಯರಿಗೆ ಹೇಳಿಬಿಟ್ಟೆ. ಅವರು ಕುರ್ಚಿ ಹಿಂದೆ ಸರಿಸಲಿಲ್ಲ. "ಮೊದಲು ಯಾವತ್ತು ಗೊತ್ತಾಯ್ತು?" ಅಂತ ಕೇಳಿದರು. ಬಸ್ಸಿನಿಂದ ಶುರು ಮಾಡಿದೆ. ಕ್ಯಾಂಟೀನ್ ಮುಚ್ಚುವವರೆಗೂ ಕೂತಿದ್ದರು. ಸರ್, ನಿಮಗೆ ಏನು ಹೇಳಲಿ.

ತಂಗಿಯ ಮದುವೆ ಗೊತ್ತಾಗಿದೆ. ಬೀಗರಿಗೆ ನಾನೇ ಹೇಳಿದೆ. ಅವರ ಮನೆಯಲ್ಲೂ ಒಬ್ಬರು ಹಿಂದೆ ಇದೇ ಮಾತ್ರೆ ನುಂಗಿದ್ದರಂತೆ. ನಿಮ್ಮ ಪೈಕಿ ಯಾರಿಗಾದರೂ ಈಗಷ್ಟೇ ರಿಪೋರ್ಟ್ ಕೈಗೆ ಬಂದಿದ್ದರೆ ಫೋನ್ ಮಾಡಿ. ಸಂಜೆ ಏಳರ ಮೇಲೆ ನಾನು ಫ್ರೀ.