ಆ ಬಾಗಿಲ ಆಚೆ ಏನಿರುತ್ತೆ, ಗೆಳೆಯಾ?

ಪ್ರೀತಿಯ ಗೆಳೆಯಾ,

ಕಳೆದ ಸಲ ಫೋನ್ ಮಾಡಿದಾಗ "ಮಗ ಹೇಗಿದ್ದಾನೆ" ಅಂತ ಕೇಳಿದೆಯಲ್ಲ, "ಚೆನ್ನಾಗಿದ್ದಾನೆ" ಅಂದೆ. ಸುಳ್ಳು ಹೇಳಿದೆ ಕಣೋ. ಅವನು ಪಕ್ಕದ ರೂಮಿನಲ್ಲೇ ಇದ್ದ, ಬಾಗಿಲು ಹಾಕಿಕೊಂಡು. ನಾವಿಬ್ಬರೂ ಮಾತಾಡಿ ನಾಲ್ಕು ದಿನ ಆಗಿತ್ತು.

ಅವನಿಗೀಗ 15. ನನಗಿಂತ ಎತ್ತರ ಬೆಳೆದಿದ್ದಾನೆ, ಬೈಯಬೇಕಾದರೂ ತಲೆ ಎತ್ತಿ ನೋಡಬೇಕು. ಏನು ಕೇಳಿದರೂ "ಗೊತ್ತಿಲ್ಲ", "ಸುಮ್ನಿರಮ್ಮ". ಮೊನ್ನೆ ಕ್ಲಾಸಿಗೆ ಚಕ್ಕರ್ ಹೊಡೆದಿದ್ದು ಗೊತ್ತಾಗಿ ಕೂಗಾಡಿದೆ. ಅವನು ತಣ್ಣಗೆ, "ಅಪ್ಪನ ಥರ ಗದರಿಸೋಕೆ ಬರಬೇಡ. ನಿಂಗೆ ಅದು ಬರಲ್ಲ" ಅಂದವನೇ ದಡಾರನೆ ಬಾಗಿಲು ಹಾಕಿಕೊಂಡ. ನನ್ನ ಕೈಯಲ್ಲಿ ಅವನದೇ ಒದ್ದೆ ಶರ್ಟು. ಒಣಹಾಕಬೇಕು ಅಂತ ಹಿಂಡಿ ತಂದಿದ್ದೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ನೆಲವೆಲ್ಲ ನೀರಾಗಿತ್ತು.

ಇಬ್ಬರಿದ್ದರೆ ಒಬ್ಬರು ಗದರಿದಾಗ ಇನ್ನೊಬ್ಬರು ಸಮಾಧಾನ ಮಾಡಬಹುದು, ಅಲ್ವಾ? ಇಲ್ಲಿ ಗದರೋದೂ ನಾನೇ, ಅರ್ಧ ಗಂಟೆ ಬಿಟ್ಟು ಊಟಕ್ಕೆ ಕರೆಯೋದೂ ನಾನೇ. ಅವನು ಯಾವ ಅಮ್ಮನನ್ನು ನಂಬಬೇಕು ಹೇಳು.

ಬೆಳಗ್ಗೆ ಏಳಿಸೋದೇ ದೊಡ್ಡ ಜಗಳ. ಸೋಮಾರಿತನ ಅಂತಲೇ ಅಂದುಕೊಂಡಿದ್ದೆ. ಡಾಕ್ಟರ್ ಬಿಡಿಸಿ ಹೇಳಿದರು. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದಂತೆ, ಆದರೂ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕಂತೆ. ಸಿಟ್ಟು, ಆತುರಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯೋಕೆ ಸುಮಾರು 25 ವರ್ಷ ಆಗುತ್ತದಂತೆ. ಕೇಳಿ ಮನಸ್ಸು ಸ್ವಲ್ಪ ಹಗುರವಾಯಿತು. ಇನ್ನೂ ಹತ್ತು ವರ್ಷ ನನ್ನ ಕೈಲಾಗುತ್ತಾ ಅಂತ ಭಯವೂ ಆಯಿತು.

ವಾರದಲ್ಲಿ ಮೂರು ದಿನ ನನ್ನ ಶಿಫ್ಟ್ ಮುಗಿದು ಮನೆ ಸೇರುವಾಗ ಹನ್ನೊಂದೂವರೆ. ದೂರದಿಂದಲೇ ಅವನ ಕಿಟಕಿಯಲ್ಲಿ ಬೆಳಕು ಕಾಣುತ್ತದೆ. ಇನ್ನೂ ಫೋನ್ ನೋಡುತ್ತಾ ಕೂತಿದ್ದಾನೆ ಅಂತ ಮೈಯೆಲ್ಲ ಉರಿಯುತ್ತಿತ್ತು. ಹೋದ ವಾರ ಗಮನಿಸಿದೆ. ನಾನು ಒಳಗೆ ಬಂದು ಚಿಲಕ ಹಾಕಿದ ಸದ್ದಾಯಿತು, ಅವನ ಲೈಟ್ ಆರಿತು. ಮುಂದಿನ ಸಲವೂ ಹಾಗೇ. ಆಮೇಲೊಂದು ದಿನ ಬಸ್ ತಡವಾಗಿ ಒಂದು ಗಂಟೆಗೆ ಬಂದೆ. ಆಗಲೂ ಲೈಟ್ ಉರಿಯುತ್ತಲೇ ಇತ್ತು. ಚಿಲಕ ಹಾಕಿದೆ, ಆರಿತು.

ಅವನ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ ಕಣೋ. ತಟ್ಟಲಿಲ್ಲ. ತಟ್ಟಿದ್ದರೆ "ಏನಮ್ಮಾ" ಅಂತ ರೇಗುತ್ತಿದ್ದ. ನಾಳೆಯಿಂದ ಆ ಲೈಟೂ ಇರುತ್ತಿರಲಿಲ್ಲವೇನೋ.

ನಿನ್ನನ್ನೂ ನಿಮ್ಮಮ್ಮ ಒಬ್ಬರೇ ಬೆಳೆಸಿದ್ದು. ಅವರನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದೆ ಅಂತ ನೀನೇ ಹೇಳಿದ್ದೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಅವನಿಗೆ ಬುದ್ಧಿ ಹೇಳು ಅಂತಲ್ಲ, ಬುದ್ಧಿ ಹೇಳುವವರು ಅವನಿಗೆ ಈಗಲೇ ಜಾಸ್ತಿ. ನನಗೆ ಇದೊಂದು ಹೇಳು. ಆ ವಯಸ್ಸಿನಲ್ಲಿ ನಿಮ್ಮಮ್ಮ ಬಾಗಿಲ ಆಚೆ ನಿಂತಿದ್ದರೆ ನಿನಗೆ ಗೊತ್ತಾಗುತ್ತಿತ್ತಾ? ತಟ್ಟಲಿ ಅಂತ ಅನ್ನಿಸುತ್ತಿತ್ತಾ?

ನಿನ್ನ ಗೆಳತಿ