ಕಚೇರಿಯ ಹಳೆ ಲ್ಯಾಪ್‌ಟಾಪ್ ಶಾಲೆಗೆ ಕೊಡುವ ಮುನ್ನ

ಸದಸ್ಯರೆಲ್ಲರಿಗೂ ನಮಸ್ಕಾರ. ನಿಮ್ಮ ಕಂಪನಿಯ ಹಳೆ ಯಂತ್ರಗಳನ್ನು ಸರ್ಕಾರಿ ಶಾಲೆಗೋ ಊರಿನ ಗ್ರಂಥಾಲಯಕ್ಕೋ ಕೊಡಿಸುವವರು ಇಷ್ಟು ಗಮನಿಸಿ.

ಮೊದಲು ಬೀಗದ ವಿಚಾರ. ಚೆನ್ನಾಗಿರುವ ಯಂತ್ರವೂ ಮೂಲೆ ಸೇರುವುದು ಇಲ್ಲೇ. ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ, ಯಂತ್ರದೊಳಗಿನ ಮೂಲ ತಂತ್ರಾಂಶ) ಪಾಸ್‌ವರ್ಡ್ ತೆಗೆಸಿ. ಕಂಪನಿಗಳು ತಮ್ಮ ಯಂತ್ರಗಳನ್ನು ದೂರದಿಂದಲೇ ನಿಭಾಯಿಸಲು ಬಳಸುವ ಮೈಕ್ರೋಸಾಫ್ಟ್‌ನ ಇಂಟ್ಯೂನ್, ಆಟೋಪೈಲಟ್ ಪಟ್ಟಿಯಿಂದಲೂ ಯಂತ್ರವನ್ನು ಅಳಿಸುವಂತೆ ಐಟಿ ವಿಭಾಗಕ್ಕೆ ಹೇಳಿ. ಇಲ್ಲದಿದ್ದರೆ ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್‌ಗೆ ಜೋಡಿಸಿದಾಗ ಕಂಪನಿಯ ಲಾಗಿನ್ ಕೇಳುತ್ತದೆ. ಮೇಷ್ಟ್ರು ಅದನ್ನು ಎಲ್ಲಿಂದ ತರಬೇಕು?

ಡೇಟಾ ಅಳಿಸಲು ಡಿಲೀಟ್, ಕ್ವಿಕ್ ಫಾರ್ಮ್ಯಾಟ್ ಸಾಲದು. ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಒಮ್ಮೆ ಸೊನ್ನೆ ಬರೆಸಿ. ಎಸ್‌ಎಸ್‌ಡಿಗೆ (ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಆ ವಿಧಾನ ನಂಬುವಂತಿಲ್ಲ, ಕಣ್ಣಿಗೆ ಬೀಳದ ಮೀಸಲು ಬ್ಲಾಕ್‌ಗಳಲ್ಲಿ ಹಳೆಯದು ಉಳಿದಿರಬಹುದು. ಡಿಸ್ಕ್ ತನ್ನನ್ನು ತಾನೇ ಪೂರ್ತಿ ಅಳಿಸಿಕೊಳ್ಳುವ ಸೆಕ್ಯೂರ್ ಎರೇಸ್ ಆದೇಶ ಬಳಸಿ. ಡಿಸ್ಕ್ ಕಿತ್ತುಕೊಂಡು ಡಬ್ಬ ಮಾತ್ರ ಕೊಟ್ಟರೆ ಶಾಲೆಗೆ ಖರ್ಚು ಹಚ್ಚಿದಂತೆ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳು ಸಾಮಾನ್ಯವಾಗಿ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅಂಥ ಯಂತ್ರಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ, ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ. 8 ಜಿಬಿ ರ್‍ಯಾಮ್, 240 ಜಿಬಿ ಎಸ್‌ಎಸ್‌ಡಿ ಇದ್ದರೆ ಸಲೀಸಾಗಿ ಓಡುತ್ತದೆ. ಕನ್ನಡ ಟೈಪಿಂಗ್‌ಗೆ ಐಬಸ್ ಎಂ17ಎನ್ ಎಂಬ ತಂತ್ರಾಂಶ ಸೇರಿಸಿ, ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಅದರಲ್ಲೇ ಇದೆ.

ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಗಡಿಯಾರ ನಡೆಸುವ, ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ. ತಾರೀಖು ತಪ್ಪಿದರೆ ವೆಬ್‌ಸೈಟ್‌ಗಳೇ ತೆರೆಯುವುದಿಲ್ಲ, ಎಲ್ಲರೂ ನೆಟ್‌ವರ್ಕ್ ಬೈಯುತ್ತಾರೆ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಯಂತ್ರಕ್ಕೆ ಹೊಂದುವ ಚಾರ್ಜರ್ ಮರೆಯಬೇಡಿ. ಸೀರಿಯಲ್ ನಂಬರ್‌ಗಳ ಪಟ್ಟಿಗೆ ಮುಖ್ಯ ಶಿಕ್ಷಕರ ಸಹಿ, ಮೊಹರು ಪಡೆದು ಒಂದು ಪ್ರತಿ ಕಂಪನಿಗೆ ತಲುಪಿಸಿ.