ಅಂಗಾಲಿನ ಗಂಟಿನ ಪರೀಕ್ಷೆ ಜಿಲ್ಲೆಯಲ್ಲೇ ಆಗಲಿ

ಮಾನ್ಯ ಸಂಪಾದಕರೆ,

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದಲ್ಲಿ ದುಡಿಯುತ್ತಿದ್ದ ನಮ್ಮ ದೊಡ್ಡಪ್ಪನವರ ಹಿಮ್ಮಡಿಯಲ್ಲಿ ಎದ್ದ ಗಂಟನ್ನು ಮನೆಯವರೆಲ್ಲ ಆಣಿಯೆಂದೇ ನಂಬಿ ತಿಂಗಳುಗಟ್ಟಲೆ ಔಷಧಿ ಹಚ್ಚಿದೆವು. ಅದು ಒಸರತೊಡಗಿದ ಮೇಲೆ ಬಯಾಪ್ಸಿ ಮಾಡಿಸಿದೆವು. ವರದಿಯಲ್ಲಿ ಕ್ಯಾನ್ಸರ್ ಎಂದಿತ್ತೇ ಹೊರತು ಯಾವ ಬಗೆಯದೆಂದು ಇರಲಿಲ್ಲ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇರಬಹುದು, ಇಮ್ಯುನೊಹಿಸ್ಟೊಕೆಮಿಸ್ಟ್ರಿ (ಅಂಗಾಂಶಕ್ಕೆ ಬಣ್ಣವೇರಿಸಿ ಕ್ಯಾನ್ಸರಿನ ಬಗೆ ಗುರುತಿಸುವ ಪರೀಕ್ಷೆ) ಮಾಡಿಸಿ ಎಂದು ಕೊನೆಯಲ್ಲಿ ಬರೆದಿದ್ದರು. ಆ ಸೌಲಭ್ಯ ವರದಿ ಕೊಟ್ಟ ಪ್ರಯೋಗಾಲಯದಲ್ಲಿರಲಿಲ್ಲ. ಅಂಗಾಂಶವನ್ನು ಹುದುಗಿಸಿದ್ದ, ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದಾದ ಮೇಣದ ಬ್ಲಾಕನ್ನು, ಬಿಸಿಲಿಗೆ ಮೆತ್ತಗಾದೀತೆಂಬ ಭಯದಿಂದ ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯೊಳಗಿಟ್ಟುಕೊಂಡು ನಾನೇ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದೆ. ಉತ್ತರ ಸಿಗುವ ವೇಳೆಗೆ ಮೂರು ವಾರ ಕಳೆದಿತ್ತು, ತೊಡೆಸಂದಿನಲ್ಲಿ ಗಡ್ಡೆ ಕೈಗೆ ಸಿಗುತ್ತಿತ್ತು.

ಈ ಪರೀಕ್ಷೆಯ ಬಗೆಯನ್ನು ಆಮೇಲೆ ಕೇಳಿ ತಿಳಿದುಕೊಂಡೆ. ಬ್ಲಾಕಿನಿಂದ ಮೂರು–ನಾಲ್ಕು ಮೈಕ್ರಾನ್ ತೆಳುವಿನ ಪದರಗಳನ್ನು ಕೊಯ್ದು ಸ್ಲೈಡಿಗೆ ಹತ್ತಿಸಿ, ಮೇಣ ತೆಗೆದು, ಫಾರ್ಮಲಿನ್‌ನಲ್ಲಿ ಮರೆಯಾದ ಪ್ರೋಟೀನ್ ಮತ್ತೆ ತೆರೆದುಕೊಳ್ಳುವಂತೆ ದ್ರಾವಣದಲ್ಲಿ ಕಾಯಿಸಿ, ಆ ಪ್ರೋಟೀನಿಗೆ ಅಂಟುವಂತೆಯೇ ತಯಾರಾದ ಪ್ರತಿಕಾಯವನ್ನು (ಆಂಟಿಬಾಡಿ) ಹನಿಸುತ್ತಾರೆ. ಮೆಲನ್-ಎ ಎಂಬ ಪ್ರೋಟೀನ್ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲೂ ಅವುಗಳಿಂದ ಹುಟ್ಟುವ ಮೆಲನೋಮದಲ್ಲೂ ಇರುವುದರಿಂದ, ಪ್ರತಿಕಾಯ ಅಲ್ಲಿ ಅಂಟಿದರೆ ಆ ಜಾಗಕ್ಕೆ ಬಣ್ಣವೇರುತ್ತದೆ. ದೊಡ್ಡಪ್ಪನವರ ಗಂಟಿನಂತೆ ಕಪ್ಪು ಬಣ್ಣವೇ ಇಲ್ಲದ ಮೆಲನೋಮವನ್ನು ಸಾಮಾನ್ಯ ಸ್ಲೈಡಿನಲ್ಲಿ ಗುರುತಿಸುವುದು ಅನುಭವಿಗಳಿಗೂ ಕಷ್ಟ. ಹಾಗೆಂದು ಒಂದೇ ಪ್ರತಿಕಾಯವನ್ನು ನಂಬಿ ಕೂರುವಂತೆಯೂ ಇಲ್ಲ: ಎಸ್-100 ಬಹುತೇಕ ಮೆಲನೋಮಗಳನ್ನು ಹಿಡಿಯುತ್ತದಾದರೂ ನರದ ಗಡ್ಡೆಗಳಲ್ಲೂ ಬಣ್ಣ ತೋರುತ್ತದೆ, ಎಚ್‌ಎಂಬಿ-45 ಮತ್ತು ಮೆಲನ್-ಎ ಹೆಚ್ಚು ಖಚಿತವಾದರೂ ಡೆಸ್ಮೊಪ್ಲಾಸ್ಟಿಕ್ ಎಂಬ ಬಗೆಯಲ್ಲಿ ಹಲವು ಸಲ ಬಣ್ಣವನ್ನೇ ತೋರುವುದಿಲ್ಲ. ಎರಡು–ಮೂರನ್ನು ಒಟ್ಟಿಗೆ ಹಾಕಿ, ಪಕ್ಕದಲ್ಲಿ ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಲೈಡ್ ಇಟ್ಟುಕೊಂಡೇ ತೀರ್ಮಾನಿಸಬೇಕು.

ಮೆಲನೋಮ ಬಿಳಿಯರಿಗೆ ಬಿಸಿಲಿನಿಂದ ಬರುವ ಕಾಯಿಲೆ ಎಂಬ ಮಾತನ್ನು ನಾನೂ ನಂಬಿದ್ದೆ. ನಮ್ಮಂಥ ಮೈಬಣ್ಣದವರಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ಅಷ್ಟಾಗಿ ತಾಗದ ಅಂಗಾಲು, ಅಂಗೈ ಮತ್ತು ಉಗುರಿನಡಿಯಲ್ಲಿ. ಅದು ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬುದರ ಮೇಲೆ ರೋಗಿಯ ಮುಂದಿನ ಗತಿ ಬಹುಮಟ್ಟಿಗೆ ನಿಂತಿರುವುದರಿಂದ, ವರದಿಗಾಗಿ ಕಾಯುವ ವಾರಗಳು ಸಣ್ಣವಲ್ಲ.

ಇಂಥ ರೋಗಿಗಳು ವಿರಳ, ಪ್ರತಿಕಾಯದ ಬಾಟಲಿ ಅವಧಿ ಮುಗಿದು ವ್ಯರ್ಥವಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸ್ತನ ಕ್ಯಾನ್ಸರಿನಲ್ಲಿ ಚಿಕಿತ್ಸೆಯನ್ನು ನಿರ್ಧರಿಸುವ ಇಆರ್, ಪಿಆರ್, ಹರ್-2 ಪರೀಕ್ಷೆಗಳಿಗೂ ಇದೇ ಸಲಕರಣೆ, ಇದೇ ಬಣ್ಣದ ದ್ರಾವಣ, ಇದೇ ತರಬೇತಿಯ ಸಿಬ್ಬಂದಿ ಬೇಕು, ಆ ರೋಗಿಗಳು ವಿರಳವಲ್ಲ. ಅಷ್ಟನ್ನು ನಿತ್ಯ ನಡೆಸುವ ಪ್ರಯೋಗಾಲಯಕ್ಕೆ ಮೆಲನೋಮದ ಮೂರು ಬಾಟಲಿ ದೊಡ್ಡ ಹೊರೆಯಾಗದು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಎರಡೂ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳ ಬ್ಲಾಕುಗಳು ಆಸ್ಪತ್ರೆಯ ವಾಹನದಲ್ಲೇ ಬಂದು ಸೇರುವಂಥ ಒಂದು ಕೇಂದ್ರವನ್ನು ಇವುಗಳಲ್ಲಿ ಒಂದೆಡೆ ಗೊತ್ತುಮಾಡಿ, ವರದಿ ಕೊಡಲು ದಿನಗಳ ಗಡುವು ಹಾಕಬೇಕೆಂದು ವೈದ್ಯಕೀಯ ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳನ್ನು ಕೋರುತ್ತೇನೆ.

— ಓರ್ವ ಓದುಗ, ಚಿಕ್ಕಮಗಳೂರು